ಓದುಗರ ಪ್ರಶ್ನೆ, ನಮ್ಮ ಉತ್ತರ: ಮಾರಾಟಕ್ಕಿಲ್ಲದ ಸಲಹೆಯನ್ನು ಕೊಡುವವರು ಯಾರು?

ಸುಸ್ಥಿರ ಕೃಷಿಯ ಹೊಸ ಪದ್ಧತಿಗಳು ಹೊಲಕ್ಕೆ ಇಳಿಯುವಲ್ಲಿ ಕೃಷಿ ಸಲಹೆಯ ಪಾತ್ರವೇನು ಎಂಬ ವಿಷಯದ ಮೇಲೆ ಈ ಬಾರಿ ಓದುಗರಿಂದ ಪ್ರಶ್ನೆಗಳನ್ನು ಆಹ್ವಾನಿಸಿದ್ದೆವು. ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದುಕೊಂಡು ಉತ್ತರಿಸಿದ್ದೇವೆ. ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನಮ್ಮದು ಕಲಬುರಗಿ ಜಿಲ್ಲೆ, ಆಳಂದ ತಾಲ್ಲೂಕು. ಎರೆ ಹೊಲ, ತೊಗರಿಯೇ ಮುಖ್ಯ ಬೆಳೆ. ಹುಳು ಕಂಡ ಕೂಡಲೇ ಗೊಬ್ಬರ, ಔಷಧಿ ಮಾರುವ ಅಂಗಡಿಗೆ ಹೋಗುತ್ತೇವೆ, ಅವರು ಕೊಟ್ಟದ್ದನ್ನು ತಂದು ಹೊಡೆಯುತ್ತೇವೆ. ಹಣ ಇಲ್ಲದಿದ್ದಾಗ ಉದ್ರಿ ಕೊಡುವವರೂ ಅವರೇ. ಸುಸ್ಥಿರ ಕೃಷಿಯ ಬಗ್ಗೆ ಬರೆಯುವವರೆಲ್ಲ ಅಂಗಡಿಯವರ ಮಾತು ಕೇಳಬೇಡಿ ಎನ್ನುತ್ತಾರೆ. ಅವರನ್ನು ಕೇಳದಿದ್ದರೆ ಮತ್ತಾರನ್ನು ಕೇಳಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿರುವ ಅಸಮಾಧಾನ ನ್ಯಾಯವಾದದ್ದು. 2003ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ದೇಶದ ರೈತ ಕುಟುಂಬಗಳನ್ನು ವಿಚಾರಿಸಿದಾಗ, ಆಧುನಿಕ ಕೃಷಿ ತಾಂತ್ರಿಕತೆಯ ಬಗ್ಗೆ ಯಾವುದಾದರೂ ಒಂದು ಮೂಲದಿಂದ ಮಾಹಿತಿ ಪಡೆದವರು ನೂರಕ್ಕೆ 40ರಷ್ಟು ಮಾತ್ರ ಎಂದು ತಿಳಿದುಬಂದಿತು. ಇತರ ಪ್ರಗತಿಪರ ರೈತರಿಂದ ತಿಳಿದುಕೊಂಡವರು ಶೇ 16.7, ಬೀಜ, ಗೊಬ್ಬರ, ಔಷಧಿಯಂಥ ಪರಿಕರಗಳ ಮಾರಾಟಗಾರರಿಂದ ತಿಳಿದುಕೊಂಡವರು ಶೇ 13.1, ರೈತರಿಗೆ ಕೃಷಿ ತಿಳಿವಳಿಕೆ ತಲುಪಿಸುವ ಸರ್ಕಾರದ ವಿಸ್ತರಣಾ ಕಾರ್ಯಕರ್ತರಿಂದ ತಿಳಿದುಕೊಂಡವರು ಶೇ 5.7 ಇದ್ದರು. ಅಂಗಡಿಯವರನ್ನು ನಂಬಬೇಡಿ ಎಂದು ಉಪದೇಶಿಸುವ ಮೊದಲು, ಸಂಜೆಯವರೆಗೂ ಬಾಗಿಲು ತೆರೆದಿರುವ, ಹೆಸರು ಹಿಡಿದು ಮಾತನಾಡಿಸುವ, ಉದ್ರಿಯನ್ನೂ ಕೊಡುವ ಇನ್ನೊಂದು ಜಾಗ ಹೋಬಳಿಯಲ್ಲಿ ಇದೆಯೇ ಎಂದು ಉಪದೇಶಕರು ಕೇಳಿಕೊಳ್ಳಬೇಕು.

ಆದರೂ ಅಂಗಡಿಯ ಸಲಹೆಗೆ ಒಂದು ಮಿತಿಯಿದೆ, ಅದು ಮಾಲೀಕರ ಒಳ್ಳೆಯತನಕ್ಕೂ ಕೆಟ್ಟತನಕ್ಕೂ ಸಂಬಂಧಿಸಿದ್ದಲ್ಲ. ರೋಗ ನೋಡುವ ವೈದ್ಯರೇ ಔಷಧಿ ಅಂಗಡಿಯನ್ನೂ ಇಟ್ಟುಕೊಂಡು, ನೋಡಿದ್ದಕ್ಕೆ ಶುಲ್ಕ ಪಡೆಯದೆ ಮಾರಿದ ಮಾತ್ರೆಯ ಲಾಭದಲ್ಲೇ ಬದುಕಬೇಕಾದರೆ ಏನಾಗುತ್ತದೆಯೋ ಇಲ್ಲಿಯೂ ಅದೇ ಆಗುತ್ತದೆ. ‘ಇನ್ನೂ ನಾಲ್ಕು ದಿನ ಕಾಯಿರಿ, ಹುಳು ಎಣಿಸಿ ನೋಡಿ, ಬೇಕಿದ್ದರೆ ಆಮೇಲೆ ಹೊಡೆಯಿರಿ’ ಎಂಬ ಸಲಹೆ ಸರಿಯಾಗಿದ್ದರೂ ಅದನ್ನು ಕೊಟ್ಟವರಿಗೆ ಆ ದಿನ ವ್ಯಾಪಾರವಿಲ್ಲ. ಸುಸ್ಥಿರ ಕೃಷಿಯ ಹೊಸ ಪದ್ಧತಿಗಳಲ್ಲಿ ಬಹುಪಾಲು ಈ ಬಗೆಯವು ಎಂಬುದೇ ನಮ್ಮ ಮುಖ್ಯ ಕಳವಳ. ಅವು ಪರಿಕರವನ್ನು ಕಡಿಮೆ ಮಾಡುತ್ತವೆ, ಇಲ್ಲವೇ ಪರಿಕರದ ಜಾಗದಲ್ಲಿ ಗಮನವನ್ನೂ ಸಮಯವನ್ನೂ ಕೇಳುತ್ತವೆ. ಅಂಥವನ್ನು ಹೇಳಿಕೊಡುವುದರಿಂದ ಯಾರಿಗೂ ಲಾಭ ಹುಟ್ಟುವುದಿಲ್ಲವಾದ್ದರಿಂದ, ಹೇಳಿಕೊಡುವುದಕ್ಕೆಂದೇ ಸಂಬಳ ಪಡೆಯುವವರು ಇಲ್ಲದಿದ್ದರೆ ಅವು ಸದ್ದಿಲ್ಲದೆ ಬಿದ್ದುಹೋಗುತ್ತವೆ.

ನಿಮ್ಮ ತೊಗರಿಯನ್ನೇ ತೆಗೆದುಕೊಳ್ಳಿ. ಕಾಯಿಕೊರಕ ಹುಳು ವಿಪರೀತವಾದಾಗ ಗಿಡವನ್ನು ಹಿಡಿದು ಅಲ್ಲಾಡಿಸಿ, ಕೆಳಗೆ ಹಾಸಿದ ಬಟ್ಟೆ ಅಥವಾ ಪ್ಲಾಸ್ಟಿಕ್ ಹಾಳೆಯ ಮೇಲೆ ಹುಳು ಉದುರಿಸಿ ನಾಶ ಮಾಡುವ ಕ್ರಮ ನಿಮ್ಮ ಭಾಗದ ರೈತರದೇ. ಅದನ್ನು ಗಮನಿಸಿದ, ಹೈದರಾಬಾದ್ ಬಳಿಯ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ವಿಜ್ಞಾನಿಗಳು ಪರಿಣಾಮವನ್ನು ಅಳೆದು ನೋಡಿ, ಅದು ಕೆಲಸ ಮಾಡುತ್ತದೆಂದು ಖಚಿತಪಡಿಸಿಕೊಂಡು ಬೇರೆಡೆಯ ರೈತರಿಗೂ ತಿಳಿಸಿದರು. ರೈತರಲ್ಲಿ ಹುಟ್ಟಿದ ಉಪಾಯವನ್ನು ಪರೀಕ್ಷೆಗೆ ಒಡ್ಡಿ ಮತ್ತೆ ರೈತರಿಗೇ ತಲುಪಿಸುವುದು ಸಲಹಾ ವ್ಯವಸ್ಥೆ ಮಾಡಬಹುದಾದ ಅತ್ಯುತ್ತಮ ಕೆಲಸಗಳಲ್ಲಿ ಒಂದು, ಮತ್ತು ಅದನ್ನು ಯಾವ ಅಂಗಡಿಯೂ ಮಾಡಲಾರದು. ಬಿತ್ತಿದ 45ರಿಂದ 50 ದಿನಗಳಲ್ಲಿ ತೊಗರಿಯ ಕುಡಿ ಚಿವುಟಿದರೆ ಪಕ್ಕದ ಟೊಂಗೆಗಳು ಹೆಚ್ಚಿ ಕಾಯಿಯೂ ಹೆಚ್ಚುತ್ತದೆ ಎಂಬುದನ್ನು ರಾಯಚೂರು ಕೃಷಿ ವಿಶ್ವವಿದ್ಯಾಲಯ ಮತ್ತು ಕೃಷಿ ವಿಜ್ಞಾನ ಕೇಂದ್ರಗಳು ಪ್ರಾತ್ಯಕ್ಷಿಕೆಗಳ ಮೂಲಕ ಹಳ್ಳಿಗಳಿಗೆ ಒಯ್ದವು. ಚಿವುಟಲು ಕೈ ಸಾಕು. ಬ್ಯಾಟರಿಯಿಂದ ನಡೆಯುವ ಕುಡಿ ಚಿವುಟುವ ಯಂತ್ರಗಳು ಬಂದದ್ದು ಆಮೇಲೆ.

ಹಾಗಾದರೆ ಈ ಹಂಗಾಮಿನಲ್ಲಿ ಏನು ಮಾಡಬಹುದು? ಎಕರೆಗೆ ಎರಡು ಮೋಹಕ ಬಲೆಗಳನ್ನು (ಹೆಣ್ಣು ಪತಂಗದ ವಾಸನೆಯಿಂದ ಗಂಡು ಪತಂಗಗಳನ್ನು ಸೆಳೆಯುವ ಬಲೆ) ಕಟ್ಟಿ, ದಿನವೂ ಬೀಳುವ ಪತಂಗಗಳನ್ನು ಎಣಿಸಿ ಬರೆದಿಡಿ. ಹೂವು ಬರುವ ಹೊತ್ತಿಗೆ ಹೊಲದ ಬೇರೆಬೇರೆ ಕಡೆ ಗಿಡಗಳನ್ನು ನೋಡಿ ಮೊಟ್ಟೆಯನ್ನೂ ಮರಿಹುಳುವನ್ನೂ ಎಣಿಸಿ. ಆ ಲೆಕ್ಕವನ್ನು ಹಿಡಿದುಕೊಂಡು ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋದರೆ, ಸಿಂಪರಣೆಗೆ ಕಾಲ ಬಂದಿದೆಯೇ, ಶೇ 5ರ ಬೇವಿನ ಬೀಜದ ಕಷಾಯವೇ ಸಾಕೇ ಎಂಬುದನ್ನು ಅವರು ನಿಖರವಾಗಿ ಹೇಳಬಲ್ಲರು. ಬರಿಗೈಯಲ್ಲಿ ಹೋಗಿ ‘ಹುಳು ಬಿದ್ದಿದೆ’ ಎಂದರೆ ಅಲ್ಲಿಯೂ ಅಂಗಡಿಯಲ್ಲಿ ಸಿಗುವಂಥ ಉತ್ತರವೇ ಸಿಕ್ಕೀತು. ಅಂಗಡಿಗೆ ಹೋದಾಗ ‘ಹೊಡೆಯದಿದ್ದರೆ ಏನಾಗುತ್ತದೆ?’ ಎಂದು ಒಮ್ಮೆ ಕೇಳಿ ನೋಡಿ, ಉತ್ತರ ಬರುವ ರೀತಿಯಿಂದಲೇ ಎಷ್ಟೋ ವಿಷಯ ತಿಳಿಯುತ್ತದೆ. ಬಾಟಲಿಯ ಚೀಟಿಯಲ್ಲಿ ತೊಗರಿಯ ಹೆಸರಿದೆಯೇ ಎಂದು ನೋಡಿ. ಕೆಂಪು, ಹಳದಿ, ನೀಲಿ, ಹಸಿರು ಎಂಬ ಕ್ರಮದಲ್ಲಿ ವಿಷದ ತೀವ್ರತೆ ಇಳಿಯುತ್ತದೆ ಎಂಬುದು ನೆನಪಿರಲಿ. ಉದ್ರಿಯಾದರೂ ಬಿಲ್ಲು ಕೇಳಿ ಪಡೆಯಿರಿ.

ಅಂಗಡಿಯವರಿಗೇ ತರಬೇತಿ ಕೊಡುವ ಪ್ರಯತ್ನವೂ ಇದೆ. ಹೈದರಾಬಾದಿನ ರಾಷ್ಟ್ರೀಯ ಕೃಷಿ ವಿಸ್ತರಣಾ ನಿರ್ವಹಣಾ ಸಂಸ್ಥೆ ‘ಮ್ಯಾನೇಜ್’ 2003ರಲ್ಲಿ ಪರಿಕರ ಮಾರಾಟಗಾರರಿಗಾಗಿ ‘ದೇಸಿ’ ಎಂಬ ಒಂದು ವರ್ಷದ ಡಿಪ್ಲೊಮಾ ಆರಂಭಿಸಿತು. ಇದು ಒಳ್ಳೆಯ ಕಾರ್ಯಕ್ರಮ, ತರಬೇತಿ ಪಡೆದವರು ತಪ್ಪು ಔಷಧಿ ಕೊಡುವ ಸಾಧ್ಯತೆ ಕಡಿಮೆ. ಆದರೆ ಏನನ್ನೂ ಕೊಳ್ಳಬೇಡಿ ಎಂದು ಹೇಳುವುದಕ್ಕೆ ಬೇಕಾದ ಆದಾಯವನ್ನು ಡಿಪ್ಲೊಮಾ ಒದಗಿಸಲಾರದು.

ಪ್ರಶ್ನೆ: ನಾನು ಧಾರವಾಡದಲ್ಲಿ ಕೃಷಿ ಪದವಿ ಓದುತ್ತಿರುವ ವಿದ್ಯಾರ್ಥಿನಿ. ಪ್ರಯೋಗಾಲಯದಲ್ಲಿ ಹುಟ್ಟಿದ ತಂತ್ರಜ್ಞಾನವನ್ನು ರೈತರಿಗೆ ‘ವರ್ಗಾಯಿಸುವುದೇ’ ವಿಸ್ತರಣೆ ಎಂದು ನಮ್ಮ ಪಾಠಗಳಲ್ಲಿ ಬರುತ್ತದೆ, ಆ ಕಲ್ಪನೆ ಹಳೆಯದಾಯಿತು ಎಂದೂ ಬರುತ್ತದೆ. ಎರಡರಲ್ಲಿ ಯಾವುದು ಸರಿ?

ಉತ್ತರ: ಎರಡೂ ತಮ್ಮತಮ್ಮ ಜಾಗದಲ್ಲಿ ಸರಿ. ಯಾವ ಜಾಗದಲ್ಲಿ ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1952ರಲ್ಲಿ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದೊಡನೆ ಹಳ್ಳಿಗಳಿಗೆ ಗ್ರಾಮಸೇವಕರು ಬಂದರು. ಬೀಜ, ಗೊಬ್ಬರ, ಶೌಚಾಲಯ, ಸಹಕಾರ ಸಂಘ, ವಯಸ್ಕರ ಶಿಕ್ಷಣ ಎಲ್ಲವೂ ಅವರ ಹೆಗಲಿಗೆ ಬಿದ್ದಿದ್ದರಿಂದ ಕೃಷಿಗೆಂದು ಉಳಿದ ಹೊತ್ತು ಅಲ್ಪವಾಗಿತ್ತು. ಇದಕ್ಕೆ ಪರಿಹಾರವಾಗಿ 1970ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನೊಡನೆ ಇಸ್ರೇಲಿನ ತಜ್ಞ ಡೇನಿಯಲ್ ಬೆನೋರ್ ರೂಪಿಸಿದ ‘ತರಬೇತಿ ಮತ್ತು ಭೇಟಿ’ ಪದ್ಧತಿ ಬಂದಿತು. ರಾಜಸ್ಥಾನ, ಮಧ್ಯಪ್ರದೇಶಗಳ ನೀರಾವರಿ ಪ್ರದೇಶಗಳಲ್ಲಿ ಆರಂಭವಾಗಿ ಮುಂದೆ ನಮ್ಮ ರಾಜ್ಯವೂ ಸೇರಿ ಬಹುತೇಕ ದೇಶಕ್ಕೆ ಹರಡಿದ ಈ ಪದ್ಧತಿಯಲ್ಲಿ ಕಾರ್ಯಕರ್ತರಿಗೆ ಕೃಷಿಯ ಹೊರತು ಬೇರೆ ಕೆಲಸವಿರಲಿಲ್ಲ. ಅವರು ನಿಯಮಿತವಾಗಿ ತರಬೇತಿ ಪಡೆದು, ಹದಿನೈದು ದಿನಕ್ಕೊಮ್ಮೆ ನಿಗದಿತ ದಿನದಂದು ಹಳ್ಳಿಗೆ ಹೋಗಿ, ಆರಿಸಿದ ‘ಸಂಪರ್ಕ ರೈತ’ರಿಗೆ ಆ ಪಕ್ಷದ ಸಂದೇಶವನ್ನು ಮುಟ್ಟಿಸುತ್ತಿದ್ದರು. ನೀರು ನಿಶ್ಚಿತವಾಗಿದ್ದ, ಒಂದೇ ಬೆಳೆಯನ್ನು ವಿಶಾಲವಾಗಿ ಬೆಳೆಯುತ್ತಿದ್ದ ಕಡೆ ಇದು ಚೆನ್ನಾಗಿಯೇ ನಡೆಯಿತು, ಏಕೆಂದರೆ ಹೇಳುವುದಕ್ಕೆ ಎಲ್ಲರಿಗೂ ಹೊಂದುವ ಸಂದೇಶವಿತ್ತು. ಮಳೆಯಾಶ್ರಿತ ಪ್ರದೇಶದಲ್ಲಿ, ಒಂದೇ ಊರಿನ ಎರೆಗೂ (ಕಪ್ಪು ಮಣ್ಣು) ಮಸಾರಿಗೂ (ಕೆಂಪು ಮಣ್ಣು) ಬೇರೆಬೇರೆ ಮಾತು ಹೇಳಬೇಕಾದ ಕಡೆ, ಪಾಕ್ಷಿಕ ಸಂದೇಶ ಸವಕಲಾಯಿತು. ಸಂಪರ್ಕ ರೈತರಾಗಿ ಆಯ್ಕೆಯಾದವರು ಹೆಚ್ಚಾಗಿ ಅನುಕೂಲಸ್ಥರೇ ಆಗಿದ್ದುದರಿಂದ ಸಂದೇಶ ಅವರ ಜಗಲಿಯಲ್ಲೇ ನಿಂತಿತು. ವಿಶ್ವಬ್ಯಾಂಕಿನ ಹಣ ನಿಂತಾಗ ವೇಳಾಪಟ್ಟಿಯೂ ನಿಂತಿತು. ಜಿಲ್ಲಾ ಮಟ್ಟದಲ್ಲಿ ಇಲಾಖೆಗಳನ್ನೂ ರೈತರನ್ನೂ ಒಟ್ಟಿಗೆ ತರಬೇಕೆಂದು 1998ರಲ್ಲಿ ಪ್ರಾಯೋಗಿಕವಾಗಿ ಆರಂಭಗೊಂಡು 2005ರ ಬಳಿಕ ದೇಶಕ್ಕೆ ವಿಸ್ತರಿಸಿದ ‘ಆತ್ಮ’ ಯೋಜನೆಯನ್ನು ನೀವು ಪಾಠದಲ್ಲಿ ಓದಿಯೇ ಇರುತ್ತೀರಿ, ಅದರ ವಿವರಕ್ಕೆ ಇಲ್ಲಿ ಹೋಗುವುದಿಲ್ಲ.

ನಿಮ್ಮ ಪ್ರಶ್ನೆಗೆ ಹೆಚ್ಚು ಬೆಳಕು ಚೆಲ್ಲುವ ಉದಾಹರಣೆ ಇಂಡೊನೇಷ್ಯಾದ್ದು. ಅಲ್ಲಿ ಭತ್ತದ ಕೀಟನಾಶಕಕ್ಕೆ ಸರ್ಕಾರವೇ ಭಾರಿ ಸಬ್ಸಿಡಿ ಕೊಡುತ್ತಿತ್ತು, ಸಲಹೆಗಾರರು ಅದನ್ನೇ ಶಿಫಾರಸು ಮಾಡುತ್ತಿದ್ದರು. ಸಿಂಪಡಿಸಿದಷ್ಟೂ ಕಂದು ಜಿಗಿಹುಳು ಹೆಚ್ಚುತ್ತ ಹೋಯಿತು. ಅದನ್ನು ತಿಂದು ಹತೋಟಿಯಲ್ಲಿಡುವ ಜೇಡಗಳೂ ಇತರ ಮಿತ್ರಕೀಟಗಳೂ ಮೊದಲು ಸಾಯುತ್ತಿದ್ದುದೇ ಇದಕ್ಕೆ ಕಾರಣವೆಂದು ಗೊತ್ತಾದ ಮೇಲೆ, 1986ರಲ್ಲಿ ಅಧ್ಯಕ್ಷರ ಆದೇಶದ ಮೂಲಕ 57 ಕೀಟನಾಶಕಗಳನ್ನು ಭತ್ತದ ಬೆಳೆಯಲ್ಲಿ ನಿಷೇಧಿಸಲಾಯಿತು, ಸಬ್ಸಿಡಿಯನ್ನೂ ಹಂತಹಂತವಾಗಿ ತೆಗೆಯಲಾಯಿತು. ನಿಷೇಧ ಒಂದು ದಿನದ ಕೆಲಸ. ಔಷಧಿಯಿಲ್ಲದೆ ಹೊಲವನ್ನು ನೋಡಿಕೊಳ್ಳುವುದನ್ನು ರೈತರು ಕಲಿಯಬೇಕಿತ್ತಲ್ಲ, ಅದಕ್ಕಾಗಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ನೆರವಿನಿಂದ 1989ರಲ್ಲಿ ಯೋಗ್ಯಕರ್ತ ಪ್ರದೇಶದಲ್ಲಿ ರೈತ ಕ್ಷೇತ್ರ ಪಾಠಶಾಲೆಗಳು ಶುರುವಾದವು. ಇಪ್ಪತ್ತೈದರಷ್ಟು ರೈತರ ಗುಂಪು ಬೆಳೆಯ ಅವಧಿಯುದ್ದಕ್ಕೂ ವಾರಕ್ಕೊಮ್ಮೆ ಗದ್ದೆಗೆ ಇಳಿದು, ಕೀಟ ಎಷ್ಟು, ಜೇಡ ಎಷ್ಟು, ಪೈರು ಹೇಗಿದೆ ಎಂದು ನೋಡಿ, ಕಂಡದ್ದನ್ನು ದೊಡ್ಡ ಹಾಳೆಯ ಮೇಲೆ ಚಿತ್ರ ಬರೆದು, ಸಿಂಪಡಿಸಬೇಕೇ ಬೇಡವೇ ಎಂದು ತಾವೇ ವಾದಿಸಿ ತೀರ್ಮಾನಿಸುತ್ತಿದ್ದರು. ಸಲಹೆಗಾರರ ಕೆಲಸ ಪ್ರಶ್ನೆ ಕೇಳುವುದಾಗಿತ್ತು. ‘ಇದು ಯಾವ ಹುಳು?’ ಎಂದು ರೈತರು ಕೇಳಿದರೆ ‘ಅದನ್ನು ಎಲ್ಲಿ ಕಂಡಿರಿ, ಏನು ಮಾಡುತ್ತಿತ್ತು?’ ಎಂದು ತಿರುಗಿ ಕೇಳುವುದು ಆ ಶಾಲೆಗಳ ರೂಢಿ.

ನಮ್ಮ ರಾಜ್ಯದಲ್ಲೂ ಈ ಹೆಸರಿನ ಪಾಠಶಾಲೆಗಳು ನಡೆಯುತ್ತವೆ. ಅವುಗಳಲ್ಲಿ ಕೆಲವು ಹೆಸರಿಗೆ ಮಾತ್ರ ಪಾಠಶಾಲೆಗಳಾಗಿ, ನಿಜದಲ್ಲಿ ಶಾಮಿಯಾನದ ಕೆಳಗಿನ ಭಾಷಣಗಳಾಗಿರುವುದನ್ನು ನೀವು ಗ್ರಾಮೀಣ ಕಾರ್ಯಾನುಭವಕ್ಕೆ ಹೋದಾಗ ಕಂಡರೆ ಆಶ್ಚರ್ಯಪಡಬೇಡಿ. ಪದ್ಧತಿಗೆ ತನ್ನದೇ ಕೊರತೆಯೂ ಇದೆ: ಪಾಠಶಾಲೆಗೆ ಬಂದವರು ಕಲಿತರು, ಆದರೆ ಕಲಿತವರಿಂದ ಪಕ್ಕದ ಹೊಲದವರಿಗೆ ಆ ತಿಳಿವಳಿಕೆ ನಿರೀಕ್ಷಿಸಿದಷ್ಟು ಹರಡಲಿಲ್ಲ ಎಂದು ಮುಂದಿನ ಮೌಲ್ಯಮಾಪನಗಳು ತೋರಿಸಿದವು. ಇದು ಸಹಜವೇ. ‘ಎಕರೆಗೆ ಇಷ್ಟು ಬೀಜ’ ಎಂಬ ಮಾತು ಬೇಲಿಯ ಮೇಲಿಂದ ದಾಟಬಹುದು, ಗಿಡದ ಬುಡ ಬಿಡಿಸಿ ನೋಡುವ ಅಭ್ಯಾಸ ಹಾಗೆ ದಾಟುವುದಿಲ್ಲ. ಆದ್ದರಿಂದ ಹೊಸ ತಳಿಯಂಥ ವಿಷಯದಲ್ಲಿ ‘ವರ್ಗಾವಣೆ’ ಇಂದಿಗೂ ಸಾಕು. ನೀರು, ಮಣ್ಣು, ಕೀಟಗಳ ನಿರ್ವಹಣೆಯಂಥ ಹೊಲದಿಂದ ಹೊಲಕ್ಕೆ ಬದಲಾಗುವ ವಿಷಯಗಳಲ್ಲಿ ಅದು ಸಾಲದು, ಮತ್ತು ಸುಸ್ಥಿರತೆಯ ಪ್ರಶ್ನೆಗಳು ಹೆಚ್ಚಾಗಿ ಬರುವುದು ಈ ಎರಡನೆಯ ಬಗೆಯಲ್ಲಿ.

ಪ್ರಶ್ನೆ: ಅಡಿಕೆಯ ಕೊಳೆರೋಗಕ್ಕೆ ನಮ್ಮ ಅಜ್ಜನ ಕಾಲದಿಂದಲೂ ಬೋರ್ಡೋ ದ್ರಾವಣವನ್ನೇ ಹೇಳುತ್ತಿದ್ದಾರೆ. ಇಷ್ಟು ವರ್ಷಗಳಲ್ಲಿ ತಜ್ಞರಿಗೆ ಹೊಸ ಸಲಹೆ ಏನೂ ಹೊಳೆಯಲಿಲ್ಲವೇ? ಎಲೆಚುಕ್ಕಿ ರೋಗಕ್ಕಂತೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. (ತೀರ್ಥಹಳ್ಳಿ ತಾಲ್ಲೂಕಿನ ಬೆಳೆಗಾರರು)

ಉತ್ತರ: ಕೆನಡಾದವರಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ಮಲೆನಾಡಿನ ತೋಟಗಳಲ್ಲಿ ಕೊಳೆರೋಗವನ್ನು ಅಧ್ಯಯನ ಮಾಡಿ, 1910ರಲ್ಲಿ ಅದರ ಬಗ್ಗೆ ವರದಿ ಪ್ರಕಟಿಸಿದರು. ಅದುವರೆಗೆ ಗೊನೆಗಳಿಗೆ ಕೊಟ್ಟೆ (ಮಳೆ ತಡೆಯುವ ಹೊದಿಕೆ) ಕಟ್ಟಿ ಮಳೆಯಿಂದ ಕಾಪಾಡುವುದು ಬೆಳೆಗಾರರ ಉಪಾಯವಾಗಿತ್ತು. ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ 1880ರ ದಶಕದಲ್ಲಿ ಬಳಕೆಗೆ ಬಂದಿದ್ದ ಬೋರ್ಡೋ ದ್ರಾವಣ ಇಲ್ಲಿಯೂ ಫಲ ಕೊಡುತ್ತದೆಂದು ಕೋಲ್ಮನ್ ತೋರಿಸಿಕೊಟ್ಟರು.

ಆ ಸಲಹೆ ನೂರಕ್ಕೂ ಹೆಚ್ಚು ವರ್ಷ ಬಾಳಿದ್ದಕ್ಕೆ ತಜ್ಞರ ಸೋಮಾರಿತನ ಕಾರಣವೆಂದು ನಮಗೆ ಅನ್ನಿಸುವುದಿಲ್ಲ. ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ಬಾಯಲ್ಲಿ ಉಳಿಯುತ್ತದೆ. ದ್ರಾವಣವನ್ನು ಬೆಳೆಗಾರರು ಅಂಗಳದಲ್ಲೇ ತಯಾರಿಸಬಹುದು, ಸರಿಯಾಗಿದೆಯೇ ಎಂದು ತಾವೇ ಪರೀಕ್ಷಿಸಬಹುದು: ಕಬ್ಬಿಣದ ಕತ್ತಿಯನ್ನು ಅದ್ದಿ ತೆಗೆದಾಗ ತಾಮ್ರದ ಕೆಂಪು ಲೇಪ ಕಂಡರೆ ಸುಣ್ಣ ಸಾಲದು ಎಂದು ಅರ್ಥ. ಪರೀಕ್ಷೆಯ ವಿಧಾನವನ್ನೂ ಜೊತೆಗೇ ಕೊಡುವ ಸಲಹೆ ಕೊಟ್ಟವರು ಹೋದ ಮೇಲೂ ಉಳಿಯುತ್ತದೆ.

ಹಾಗೆಂದು ಅದು ಪ್ರಶ್ನಾತೀತವಲ್ಲ. ಸಿಂಪಡಿಸಿದ ತಾಮ್ರ ಮಣ್ಣಿನಲ್ಲಿ ಕರಗಿ ಹೋಗದೆ ವರ್ಷದಿಂದ ವರ್ಷಕ್ಕೆ ಶೇಖರವಾಗುತ್ತದೆ. ಇದೇ ಕಾರಣಕ್ಕೆ ಐರೋಪ್ಯ ಒಕ್ಕೂಟವು ತಾಮ್ರದ ಬಳಕೆಯನ್ನು ಹೆಕ್ಟೇರಿಗೆ ಏಳು ವರ್ಷಗಳಲ್ಲಿ ಒಟ್ಟು 28 ಕೆ.ಜಿ.ಗೆ ಮಿತಿಗೊಳಿಸಿದೆ. ಮುಂಗಾರಿಗೆ ಮೊದಲೊಮ್ಮೆ, 40-45 ದಿನಗಳ ಬಳಿಕ ಇನ್ನೊಮ್ಮೆ ಎಂಬ ಶಿಫಾರಸನ್ನು ಬಿಟ್ಟು, ಮಳೆ ಬಿಡುವು ಕೊಟ್ಟಾಗಲೆಲ್ಲ ಹೊಡೆಯುವವರು ತಮ್ಮ ತೋಟದ ಮಣ್ಣಿನ ತಾಮ್ರದ ಪ್ರಮಾಣವನ್ನು ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಎಲೆಚುಕ್ಕಿಯ ವಿಷಯದಲ್ಲಿ ಭಿನ್ನಾಭಿಪ್ರಾಯಗಳಿವೆ ಎಂಬುದು ನಿಜ. ಇಂಥ ಹೊತ್ತಿನಲ್ಲಿ ‘ಇಷ್ಟು ಖಚಿತ, ಇಷ್ಟು ಇನ್ನೂ ಪರೀಕ್ಷೆಯಲ್ಲಿದೆ’ ಎಂದು ಬೇರ್ಪಡಿಸಿ ಹೇಳುವವರ ಮಾತಿಗೆ ಹೆಚ್ಚು ಬೆಲೆ ಕೊಡಿ. ರೋಗ ತಗುಲಿದ ಎಲೆಗಳನ್ನು ತೆಗೆದು ನಾಶ ಮಾಡುವುದು, ಗಾಳಿಯಲ್ಲಿ ಹರಡುವ ರೋಗವಾದ್ದರಿಂದ ಅಕ್ಕಪಕ್ಕದ ತೋಟದವರು ಒಂದೇ ಸಮಯಕ್ಕೆ ಕ್ರಮ ಕೈಗೊಳ್ಳುವುದು, ಇವೆರಡರ ಬಗ್ಗೆ ತಕರಾರಿಲ್ಲ. ಎರಡನೆಯದಕ್ಕೆ ಔಷಧಿಗಿಂತ ಊರಿನವರನ್ನು ಒಂದೆಡೆ ಕೂರಿಸಬಲ್ಲವರು ಬೇಕು, ಸಲಹೆಗಾರರ ಕೆಲಸದಲ್ಲಿ ಅದೂ ಸೇರಿದೆ.

ಪ್ರಶ್ನೆ: ತುಮಕೂರು ಜಿಲ್ಲೆಯ ನಮ್ಮೂರಿಗೆ ಗುಳಿ ರಾಗಿ ಪದ್ಧತಿಯ ಬಗ್ಗೆ ಹೇಳಲು ಅಧಿಕಾರಿಗಳು ಬಂದಿದ್ದರು. ಸಭೆಗೆ ಕರೆದದ್ದು ಗಂಡಸರನ್ನು. ಪೈರು ಕಿತ್ತು ನೆಡುವವರು, ಕಳೆ ತೆಗೆಯುವವರು ನಾವು. ಇಳುವರಿ ಹೆಚ್ಚುತ್ತದೆ ಎಂದು ನಮ್ಮ ಯಜಮಾನರು ಒಪ್ಪಿಕೊಂಡು ಬಂದಿದ್ದಾರೆ. ನಾವು ಒಪ್ಪಬೇಕೇ?

ಉತ್ತರ: ಒಪ್ಪುವ ಮೊದಲು ಲೆಕ್ಕ ಕೇಳಿ, ಅಮ್ಮ. ಗುಳಿ ರಾಗಿ ಹಾವೇರಿ ಭಾಗದ ರೈತರು ರೂಢಿಸಿಕೊಂಡು ಬಂದ ಒಳ್ಳೆಯ ಪದ್ಧತಿ. ಒಂದೂವರೆ ಅಡಿ ಅಂತರದ ಚೌಕಗಳಲ್ಲಿ ಗುಳಿ ಮಾಡಿ, ಗುಳಿಗೊಂದಿಷ್ಟು ಕೊಟ್ಟಿಗೆ ಗೊಬ್ಬರ ಹಾಕಿ, ಎರಡೆರಡು ಪೈರು ನೆಟ್ಟು, ಎಳೆಯ ಬೆಳೆಯ ಮೇಲೆ ಕೊರಡು ಎಳೆದು ಬಾಗಿಸಿದರೆ ತೆಂಡೆ (ಬುಡದಿಂದ ಏಳುವ ಮರಿಕಾಂಡಗಳು) ಒಡೆದು ಬುಡ ತುಂಬಿಕೊಳ್ಳುತ್ತದೆ. ಬೀಜ ಬಹಳ ಕಡಿಮೆ ಸಾಕು. ಎರಡೂ ದಿಕ್ಕಿಗೆ ಎಡೆಕುಂಟೆ ಹೊಡೆಯಬಹುದಾದ್ದರಿಂದ ಕೈಯಿಂದ ಕಳೆ ಕೀಳುವ ಕೆಲಸ ಇಳಿಯುತ್ತದೆ. ಆದರೆ ನಾಟಿಯ ಕೆಲಸ ಹೊಸದಾಗಿ ಸೇರುತ್ತದೆ, ಅದೂ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಮುಗಿಯಬೇಕು. ಕುಂಟೆ ಹೊಡೆಯಲು ಎತ್ತು ಇಲ್ಲದ ಮನೆಯಾದರೆ ಉಳಿತಾಯವಾಗಬೇಕಾದ ಕೆಲಸವೂ ನಿಮ್ಮ ತಲೆಗೇ ಬರುತ್ತದೆ.

ಇಡೀ ಹೊಲಕ್ಕೆ ಬೇಡ, ಮೊದಲ ವರ್ಷ ಐದು ಗುಂಟೆಯಲ್ಲಿ ಮಾಡಿ ನೋಡೋಣ ಎಂದು ಮನೆಯಲ್ಲಿ ಹೇಳಿ, ಎಷ್ಟು ಆಳು, ಎಷ್ಟು ದಿನ ಹಿಡಿಯಿತು ಎಂಬುದನ್ನು ನೀವೇ ಬರೆದಿಡಿ. ಇಳುವರಿಯ ಲೆಕ್ಕ ಹೇಳಿ ದುಡಿಮೆಯ ಲೆಕ್ಕ ಹೇಳದ ಸಲಹೆ ಅರ್ಧ ಸಲಹೆ. ದುಡಿಯುವವರನ್ನು ಹೊರಗಿಟ್ಟು ನಡೆಸಿದ ಸಭೆಯಲ್ಲಿ ಉಳಿದರ್ಧ ಚರ್ಚೆಗೆ ಬರುವ ಸಂಭವವೂ ಇರಲಿಲ್ಲ. ಸ್ವಸಹಾಯ ಸಂಘಗಳ ಮಹಿಳೆಯರನ್ನು ‘ಕೃಷಿ ಸಖಿ’ಯರಾಗಿ ತರಬೇತಿಗೊಳಿಸುವ ಕಾರ್ಯಕ್ರಮ ನಮ್ಮ ರಾಜ್ಯದಲ್ಲೂ ಇದೆ. ನಿಮ್ಮ ಗ್ರಾಮ ಪಂಚಾಯಿತಿಗೆ ನೇಮಕವಾದ ಸಖಿ ಯಾರೆಂದು ಸಂಘದ ಒಕ್ಕೂಟದಲ್ಲಿ ವಿಚಾರಿಸಿ, ಮುಂದಿನ ಸಭೆಯನ್ನು ನಿಮ್ಮ ಸಂಘದಲ್ಲೇ ಕರೆಯುವಂತೆ ಕೇಳಿ.

ಪ್ರಶ್ನೆ: ಮಣ್ಣು ಆರೋಗ್ಯ ಚೀಟಿ ಬಂದು ವರ್ಷಗಳಾದವು. ಅದರಲ್ಲಿ ಏನಿದೆ ಎಂದು ವಿವರಿಸಿದವರಿಲ್ಲ. ಹೇಗೆ ಓದಬೇಕು? (ಚಿತ್ರದುರ್ಗ)

ಉತ್ತರ: ಮೊದಲು ಮಾದರಿ ನಿಮ್ಮ ಹೊಲದ್ದೇ ಎಂದು ಖಚಿತಪಡಿಸಿಕೊಳ್ಳಿ. ಒಂದು ವಿಸ್ತೀರ್ಣಕ್ಕೆ ಒಂದು ಮಾದರಿ ತೆಗೆದು ಸುತ್ತಲಿನವರಿಗೆಲ್ಲ ಅದೇ ಫಲಿತಾಂಶ ಕೊಟ್ಟಿರುವುದು ಉಂಟು. ಅನುಮಾನವಿದ್ದರೆ ಹೊಲದಲ್ಲಿ ಅಂಕುಡೊಂಕಾಗಿ ನಡೆದು ಎಂಟು-ಹತ್ತು ಕಡೆ ಆರಂಗುಲ ಆಳದ ಗುಳಿಯ ಪಕ್ಕದಿಂದ ಮಣ್ಣು ತೆಗೆದು, ಬೆರೆಸಿ, ಅರ್ಧ ಕೆ.ಜಿ.ಯಷ್ಟನ್ನು ನೆರಳಲ್ಲಿ ಒಣಗಿಸಿ ನೀವೇ ಪ್ರಯೋಗಾಲಯಕ್ಕೆ ಕೊಡಿ. ಬದುವಿನ ಬಳಿ, ಗೊಬ್ಬರದ ಗುಂಡಿಯ ಬಳಿ ತೆಗೆಯಬಾರದು.

ಚೀಟಿಯಲ್ಲಿ 12 ಅಂಶಗಳಿರುತ್ತವೆ. ನೀವು ಮೊದಲು ನೋಡಬೇಕಾದದ್ದು ಸಾವಯವ ಇಂಗಾಲ: ಶೇ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75ಕ್ಕಿಂತ ಮೇಲಿದ್ದರೆ ಹೆಚ್ಚು. ಇದು ಕಡಿಮೆಯಿದ್ದಾಗ ಉಳಿದ ಗೊಬ್ಬರಗಳ ಫಲವೂ ಕಡಿಮೆ. ಆಮೇಲೆ ಗಂಧಕ, ಸತು, ಬೋರಾನ್ ನೋಡಿ. ಪಿಪಿಎಂ ಎಂದರೆ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗ. ಗಂಧಕ ಹತ್ತು ಪಿಪಿಎಂಗಿಂತ, ಸತು 0.6 ಪಿಪಿಎಂಗಿಂತ, ಬೋರಾನ್ 0.5 ಪಿಪಿಎಂಗಿಂತ ಕಡಿಮೆಯಿದ್ದರೆ ಕೊರತೆ ಎಂದು ಲೆಕ್ಕ. 2009ರಲ್ಲಿ ಇಕ್ರಿಸ್ಯಾಟ್ ಜೊತೆಗೂಡಿ ರಾಜ್ಯ ಸರ್ಕಾರ ಆರು ಜಿಲ್ಲೆಗಳಲ್ಲಿ ಆರಂಭಿಸಿ, ಮುಂದೆ ಎಲ್ಲ ಜಿಲ್ಲೆಗಳಿಗೆ ವಿಸ್ತರಿಸಿದ ‘ಭೂಚೇತನ’ ಯೋಜನೆಯಲ್ಲಿ ಮಳೆಯಾಶ್ರಿತ ಹೊಲಗಳ ದೊಡ್ಡ ಕೊರತೆ ಈ ಮೂರೇ ಎಂದು ಕಂಡುಬಂದಿತ್ತು. ಜಿಪ್ಸಂ, ಸತುವಿನ ಸಲ್ಫೇಟ್, ಬೋರಾಕ್ಸ್‌ಗಳನ್ನು ಅರ್ಧ ಬೆಲೆಗೆ ಕೊಟ್ಟಿದ್ದರಿಂದ ಯೋಜನೆ ಹೆಸರು ಪಡೆಯಿತು ಎನ್ನುವವರಿದ್ದಾರೆ. ನಮ್ಮ ದೃಷ್ಟಿಯಲ್ಲಿ, ಊರವರನ್ನೇ ‘ರೈತ ಅನುವುಗಾರ’ರನ್ನಾಗಿ ನೇಮಿಸಿ, ಫಲಿತಾಂಶವನ್ನು ಹೊಲದ ಬದುವಿನಲ್ಲಿ ನಿಂತು ವಿವರಿಸಲು ಒಬ್ಬರಿರುವಂತೆ ಮಾಡಿದ್ದೂ ಅಷ್ಟೇ ಮುಖ್ಯ. ನಿಮ್ಮ ಚೀಟಿಗೆ ಸಿಗದೆ ಹೋದದ್ದು ಅಂಥವರೊಬ್ಬರು.

ಪ್ರಶ್ನೆ: ಈಗ ಮೊಬೈಲ್‌ನಲ್ಲೇ ವಿಡಿಯೊ, ವಾಟ್ಸ್‌ಆ್ಯಪ್ ಗುಂಪು, ಫೋಟೊ ನೋಡಿ ರೋಗ ಹೇಳುವ ಆ್ಯಪ್ ಎಲ್ಲ ಇವೆ. ಸಲಹೆಗಾರರು ಬೇಕೇ ಎಂಬುದು ನನ್ನ ಪ್ರಶ್ನೆ. (ರಾಣೆಬೆನ್ನೂರಿನ ಯುವ ರೈತರು)

ಉತ್ತರ: ವೇಗದ ವಿಷಯದಲ್ಲಿ ಮೊಬೈಲ್‌ಗೆ ಸಾಟಿಯಿಲ್ಲ. 2018ರ ಮೇ ತಿಂಗಳಲ್ಲಿ ಅಮೆರಿಕ ಮೂಲದ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲ ಬಾರಿಗೆ ನಮ್ಮ ರಾಜ್ಯದ ಮೆಕ್ಕೆಜೋಳದಲ್ಲಿ ಕಾಣಿಸಿಕೊಂಡು ಹೊಲದಿಂದ ಹೊಲಕ್ಕೆ ಹಾರಿದಾಗ, ಅದರ ತಲೆಯ ಮೇಲಿನ ವೈ ಆಕಾರದ ಗುರುತನ್ನು, ಅಕ್ಕಿ ತೌಡು ಮತ್ತು ಬೆಲ್ಲದ ವಿಷ ಪಾಷಾಣವನ್ನು ಸುಳಿಗೆ ಹಾಕುವ ಕ್ರಮವನ್ನು ಇದ್ದಷ್ಟೇ ಸಿಬ್ಬಂದಿ ಹಳ್ಳಿ ಸುತ್ತಿ ಹೇಳಿ ಮುಗಿಸುವಂತಿರಲಿಲ್ಲ.

ವಿಡಿಯೊ ಹೇಗೆ ಫಲ ಕೊಡುತ್ತದೆ ಎಂಬುದಕ್ಕೆ ನಮ್ಮಲ್ಲೇ ಒಂದು ಪಾಠವಿದೆ. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ ‘ಡಿಜಿಟಲ್ ಗ್ರೀನ್’ ಎಂಬ ವಿಡಿಯೊ ಯೋಜನೆ, ಗ್ರೀನ್ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆಯ ಜೊತೆಗೂಡಿ ರಾಜ್ಯದ 16 ಹಳ್ಳಿಗಳ 1,470 ಕುಟುಂಬಗಳ ನಡುವೆ 13 ತಿಂಗಳು ನಡೆಸಿದ ಪ್ರಯೋಗದಲ್ಲಿ, ಹೊಸ ಪದ್ಧತಿಯನ್ನು ಅಳವಡಿಸಿಕೊಂಡವರ ಪ್ರಮಾಣ ಮಾಮೂಲಿ ವಿಸ್ತರಣೆಗಿಂತ ಏಳು ಪಟ್ಟು ಹೆಚ್ಚಿತ್ತು. ವಿಡಿಯೊಗಳಲ್ಲಿ ಇದ್ದವರು ಸುತ್ತಲಿನ ಹಳ್ಳಿಗಳ ರೈತರೇ, ಮಾತು ಅವರದೇ. ತೋರಿಸುವಾಗ ಊರಿನವರೇ ಆದ ಒಬ್ಬರು ಜೊತೆಗಿದ್ದು, ನಡುವೆ ನಿಲ್ಲಿಸಿ, ಅರ್ಥವಾಯಿತೇ ಎಂದು ಕೇಳಿ, ಯಾರು ಮಾಡಿ ನೋಡುತ್ತೀರಿ ಎಂದು ಬರೆದುಕೊಂಡು, ಆಮೇಲೆ ಹೊಲಕ್ಕೆ ಹೋಗಿ ವಿಚಾರಿಸುತ್ತಿದ್ದರು. ಇವರನ್ನು ತೆಗೆದುಹಾಕಿ ವಿಡಿಯೊ ಒಂದನ್ನೇ ಇಟ್ಟುಕೊಂಡರೆ ಉಳಿಯುವುದು ನೀವು ಈಗ ನೋಡುತ್ತಿರುವಂಥ ಸಾವಿರ ವಿಡಿಯೊಗಳಲ್ಲಿ ಇನ್ನೊಂದು.

ಆ್ಯಪ್‌ಗಳ ಬಗ್ಗೆ ಒಂದೇ ಮಾತು: ರೋಗದ ಹೆಸರು ಹೇಳಿದ ಕೂಡಲೇ ಔಷಧಿ ಕೊಳ್ಳುವ ಗುಂಡಿಯನ್ನೂ ತೋರಿಸುವ ಆ್ಯಪ್ ಇದ್ದರೆ, ಮೇಲೆ ಆಳಂದದ ಓದುಗರಿಗೆ ಅಂಗಡಿಯ ಬಗ್ಗೆ ಹೇಳಿದ್ದೆಲ್ಲವೂ ಅದಕ್ಕೆ ಅನ್ವಯಿಸುತ್ತದೆ. ಫೋಟೊದಲ್ಲಿ ಎಲೆ ಕಾಣುತ್ತದೆ, ಬೇರು ಕಾಣುವುದಿಲ್ಲ. ಹಳದಿಯಾದ ಎಲೆಗೆ ಸಾರಜನಕದ ಕೊರತೆಯೂ ನೀರು ನಿಂತ ಬೇರೂ ಕಾರಣವಾಗಬಹುದು, ಎರಡಕ್ಕೂ ಮದ್ದು ಬೇರೆ.

ಪ್ರಶ್ನೆ: ಕಿಸಾನ್ ಕಾಲ್ ಸೆಂಟರ್‌ಗೆ ಕರೆ ಮಾಡಿದರೆ ಪ್ರಯೋಜನವಿದೆಯೇ? ಕನ್ನಡದಲ್ಲಿ ಮಾತನಾಡುತ್ತಾರೆಯೇ?

ಉತ್ತರ: 2004ರಲ್ಲಿ ಆರಂಭವಾದ ಈ ಸೇವೆಯ ಸಂಖ್ಯೆ 1800-180-1551, ಕರೆ ಉಚಿತ. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಎಲ್ಲ ದಿನವೂ ಕನ್ನಡದಲ್ಲೇ ಉತ್ತರಿಸುತ್ತಾರೆ. ಕರೆ ಮಾಡುವ ಮೊದಲು ತಳಿಯ ಹೆಸರು, ಬಿತ್ತಿದ ದಿನಾಂಕ, ಮಣ್ಣಿನ ಬಗೆ, ಕೊನೆಯ ಮಳೆ ಬಂದ ದಿನ, ಈಗಾಗಲೇ ಹಾಕಿದ ಗೊಬ್ಬರ, ಹೊಡೆದ ಔಷಧಿ ಇಷ್ಟನ್ನೂ ಬರೆದುಕೊಳ್ಳಿ. ಸಾಧ್ಯವಾದರೆ ಹೊಲದಲ್ಲಿ, ಗಿಡದ ಎದುರು ನಿಂತೇ ಮಾತನಾಡಿ. ಸಿಂಪರಣೆ ಹೇಳಿದರೆ ಪ್ರತಿ ಲೀಟರಿಗೆ ಎಷ್ಟು, ಕಟಾವಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಎಂದು ಎರಡನೆಯ ಬಾರಿ ಕೇಳಿ ಖಚಿತಪಡಿಸಿಕೊಳ್ಳಿ.